ಮಾವನ ಎಡಗೈ ಮತ್ತು ಟ್ರಾಲಿಯ ಲಿವರು

ನಮ್ಮ ಮನೆಯಲ್ಲಿ ನಗು ಹೊತ್ತು ನೋಡಿಕೊಂಡು ಬರುವುದಿಲ್ಲ. ಎಲ್ಲರೂ ಮುಖ ಸಪ್ಪಗೆ ಮಾಡಿಕೊಂಡು ಕೂತಾಗಲೇ ಏನಾದರೊಂದು ನಡೆಯುತ್ತದೆ. ನಕ್ಕರೆ ತಪ್ಪು, ನಗದಿದ್ದರೆ ಹೊಟ್ಟೆನೋವು. ಹೋದ ಬೇಸಿಗೆ ಪೂರ್ತಿ ಹಾಗೇ ಆಯಿತು.

ಮಾವ ಮೇವಿನ ಬಣವಿಯ ಮೇಲಿಂದ ಬಿದ್ದು ಬಲಭುಜ ಮುರಿದುಕೊಂಡಿದ್ದರು. ಕೊಪ್ಪಳದ ದವಾಖಾನೆಯಲ್ಲಿ ಎಲುಬು ಕೂಡಿಸಿದರು, ಆದರೆ ಕೈ ಎದೆಗಿಂತ ಮೇಲೆ ಏಳಲಿಲ್ಲ. ರುಮಾಲು ಸುತ್ತಿಕೊಳ್ಳಲು ಬರದೆ ಬರಿದಲೆಯಲ್ಲಿ ಕಟ್ಟೆಯ ಮೇಲೆ ಕೂರತೊಡಗಿದರು. ಎದುರಿಗೆ ಬೇವಿನ ಗಿಡದ ಕೆಳಗೆ ಅವರ ಹಳೇ ಟ್ರ್ಯಾಕ್ಟರು. ಗೊಬ್ಬರ ಹೇರಿದ ಟ್ರಾಲಿಯನ್ನು ಸಲಿಕೆ ಹಿಡಿದು ಖಾಲಿ ಮಾಡುವುದು ಇನ್ನು ಅವರಿಂದ ಆಗುವಂತಿರಲಿಲ್ಲ. ನನ್ನ ಗಂಡನಿಗೆ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಅವರು ಒಂದು ದಿನ, "ಮಳಿ ಬರೋದರಾಗ ಅಪ್ಪ ಸೀಟಿನ ಮ್ಯಾಲೆ ಕುಂತ್ರ ಸರಿ. ಇಲ್ಲಂದ್ರ ಟ್ರ್ಯಾಕ್ಟರ್ ಮಾರಿ ಕೊಟ್ಟುಬಿಡೋಣು" ಎಂದರು. ಮಾವ "ಕೊಡ್ರಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು. ಅವತ್ತು ರೊಟ್ಟಿ ಮುಟ್ಟಲಿಲ್ಲ.

ಟ್ರ್ಯಾಕ್ಟರಿನ ಹೊಟ್ಟೆಯೊಳಗಿನ ಎಣ್ಣೆಯನ್ನು ಪೈಪಿನಲ್ಲಿ ಹೊರಗೆ ತಂದು, ಟ್ರಾಲಿಯ ಕೆಳಗೊಂದು ಜಾಕು, ಸೀಟಿನ ಪಕ್ಕ ಒಂದು ಲಿವರು ಕೂಡಿಸಿದರೆ ಟ್ರಾಲಿ ತಾನೇ ಎದ್ದು ಗೊಬ್ಬರ ಸುರಿಯುತ್ತದೆ. ಗಂಗಾವತಿ ಕಡೆ ನಾನು ಕಣ್ಣಾರೆ ನೋಡಿದ್ದೆ. ಸಲಿಕೆ ಬೇಡ, ಬಲಗೈಯೂ ಬೇಡ. ಗಂಡನಿಗೆ ಊಟಕ್ಕೆ ಕೂತಾಗ, ಏಳುವಾಗ ಇದನ್ನೇ ಹೇಳಿದೆ. ಕೊನೆಗೆ ಅವರು ಮಿಸ್ತ್ರಿಯನ್ನು ಕರೆಸಿದ್ದು ಟ್ರ್ಯಾಕ್ಟರಿನ ಮೇಲಿನ ಪ್ರೀತಿಗಲ್ಲ, ನಾನು ಬಾಯಿ ಮುಚ್ಚಲಿ ಎಂದು.

ಎಡಗಡೆ

ಕುಷ್ಟಗಿಯಿಂದ ಬಂದ ಮಿಸ್ತ್ರಿ ಟ್ರ್ಯಾಕ್ಟರನ್ನು ಒಂದು ಸುತ್ತು ಹಾಕಿ, "ಲಿವರು ಬಲಗಡೆ ಬರ್ತೈತ್ರಿ ಅಕ್ಕಾರ" ಎಂದ.

"ಎಡಗಡೆ ಕೂಡ್ರಸ್ರಿ."

"ಎಲ್ಲಾರೂ ಬಲಗಡೆನ ಕೂಡ್ರಸ್ತಾರ."

"ಎಲ್ಲಾರ ಮಾವಂದಿರೂ ಬಣವಿ ಮ್ಯಾಲಿಂದ ಬಿದ್ದಾರೇನು?"

ಮಿಸ್ತ್ರಿ ದನಿ ಇಳಿಸಿದ. "ಹಂಗಲ್ರಿ. ಹೊಸ ಸಾಮಾನಕ್ಕ ಮೊದಲ ಎಡಗೈ ಹಚ್ಚೋದು ಛಲೋ ಅಲ್ಲ."

"ಯಪ್ಪಾ, ಅವರು ಸುರುವೋದು ತಿಪ್ಪಿಗೊಬ್ಬರ. ಲಗ್ನದಾಗ ಅಕ್ಕಿಕಾಳು ಒಗಿಯಾಕ ಹೊಂಟಿಲ್ಲ."

ಎಡಗಡೆಯೇ ಸರಿ, ಆದರೆ ಎಲ್ಲಿ ಎಂದು ಕೇಳಿದ. ನಾನು ಎಡಗಡೆಯ ಮಡ್ಗಾರ್ಡಿನ ಮೇಲೆ ಬೆರಳಿಟ್ಟು ತೋರಿಸಿದೆ. ಸಿಟ್ಟು ಬಂದಾಗಲೆಲ್ಲ ಮಾವನಿಗೆ ಅಲ್ಲಿ ಅಂಗೈಯಿಂದ ಬಡಿಯುವ ಚಾಳಿ. ಬಡಿದು ಬಡಿದು ಅಂಗೈಯಗಲ ಬಣ್ಣ ಹೋಗಿ ತಗಡು ಹೊಳೆಯುತ್ತಿತ್ತು. "ಇಲ್ಲೇ ಕೂಡ್ರಸ್ರಿ. ಈ ಜಾಗ ಅವರ ಕೈಗೆ ಗೊತ್ತೈತಿ."

ಮಿಸ್ತ್ರಿ ಆ ತಗಡನ್ನು ಸವರಿ ನೋಡಿದ. "ಯಜಮಾನ್ರಿಗೆ ಇಷ್ಟು ಸಿಟ್ಟು ಯಾರ ಮ್ಯಾಲ್ರಿ?"

ಅಡುಗೆಮನೆಯಿಂದ ಅತ್ತೆಯ ದನಿ ಬಂತು: "ನಿನಗ ಚಾ ಸೋಸಾಕತ್ತಾಳಲ್ಲ, ಅಕಿ ಮ್ಯಾಲೆ."

ಮಾತಾಡಿಸಲು ಬಂದವರು

ನಮ್ಮ ಕಡೆ ಮನೆಯಲ್ಲಿ ಒಬ್ಬರಿಗೆ ಪೆಟ್ಟಾದರೆ ಊರೆಲ್ಲ ಮಾತಾಡಿಸಲು ಬರುತ್ತದೆ. ಬಂದವರು ನಿಟ್ಟುಸಿರು ಬಿಟ್ಟು, ಬಿಸ್ಕೀಟು ಪುಡಿಕೆ ಕೊಟ್ಟು ಹೋಗುತ್ತಾರೆ. ಮಾವನಿಗೆ ಅದೇ ದೊಡ್ಡ ನೋವು. ಅಂದು ಅಂಗಳದಲ್ಲಿ ಟ್ರ್ಯಾಕ್ಟರಿನ ಹೊಟ್ಟೆ ಬಿಚ್ಚಿತ್ತು. ಬೋಲ್ಟುಗಳು ಗೋಣಿಚೀಲದ ಮೇಲೆ, ಕರಿ ಎಣ್ಣೆ ನನ್ನ ಹಳೇ ಬೋಗುಣಿಯಲ್ಲಿ. ಓಣಿಯ ವಯಸ್ಸಾದ ಆಯಿ ಒಬ್ಬಳು ಬಂದು ಮಾವನಿಗೂ ಟ್ರ್ಯಾಕ್ಟರಿಗೂ ನಡುವೆ ಕೂತಳು. ಅತ್ತ ನೋಡಿದಳು, ಇತ್ತ ನೋಡಿದಳು.

"ಪಾಪ, ಭಾಳ ದುಡದೈತಿ ಜೀವಾ," ಎಂದಳು. ಯಾರಿಗೆ ಅಂದಳೋ ಗೊತ್ತಾಗಲಿಲ್ಲ.

ಟ್ರ್ಯಾಕ್ಟರಿನ ಕೆಳಗೆ ಮಲಗಿದ್ದ ಮಿಸ್ತ್ರಿ ಅಲ್ಲಿಂದಲೇ ಕೂಗಿದ: "ಹಳೇದಾದ್ರೂ ಒಳಗೆಲ್ಲಾ ಛಲೋ ಐತ್ರಿ. ಸುಮ್ನ ನಿಲ್ಲಿಸಿದ್ದಕ್ಕ ಹಿಡಕೊಂಡೈತಿ ಅಷ್ಟ."

ಆಯಿ ಮಾವನ ಮೊಣಕಾಲು ತಟ್ಟಿದಳು. "ಕೇಳಿದ್ಯೇನಪ್ಪಾ? ನಿಮ್ಮಿಬ್ಬರಿಗೂ ಹೇಳಾಕತ್ತಾನ."

ಹೋಗುವಾಗ ಬಿಸ್ಕೀಟು ಪುಡಿಕೆಯನ್ನು ಮಾವನ ಕೈಗೆ ಕೊಡಲಿಲ್ಲ. ಟ್ರ್ಯಾಕ್ಟರಿನ ಸೀಟಿನ ಮೇಲೆ ಇಟ್ಟಳು. "ಮೊದಲ ಯಾರು ಏಳ್ತೀರೋ ಅವರು ತಿನ್ರಿ."

ಬಾಯಿ ಸಿಹಿ

ಲಿವರು ಕೂತಿತು. ಕೆಳಗೆ ಒತ್ತಿದರೆ ಟ್ರಾಲಿ ಏಳಬೇಕು, ಮೇಲೆತ್ತಿದರೆ ಇಳಿಯಬೇಕು. ಟ್ರಾಲಿಯ ಪೈಪು ಸಿಕ್ಕಿಸಲು ಟ್ರ್ಯಾಕ್ಟರಿನ ಹಿಂದೆ ಒಂದು ಬಾಯಿ ಇತ್ತು. "ಇದರಾಗ ಒಂದು ಕಾಳು ಮಣ್ಣು ಹೋಗಬಾರದು" ಎಂದು ಹೇಳಿ ಮಿಸ್ತ್ರಿ ಊಟಕ್ಕೆ ಹೋದ. ಅತ್ತೆ ಪೂಜೆ ಮುಗಿಸಿದರು. ಗಾಲಿಗೆ ನಿಂಬೆಹಣ್ಣು, ಲಿವರಿಗೆ ಕುಂಕುಮ, ಎಲ್ಲ ಕ್ರಮವಾಗಿ.

ಮಿಸ್ತ್ರಿ ಬಂದು ಪೈಪು ಒತ್ತಿದ. ಕೂಡಲಿಲ್ಲ. ತಿರುವಿ ಒತ್ತಿದ, ಬೆವರು ಇಳಿಯಿತು. ಕೊನೆಗೆ ಬಾಯೊಳಗೆ ಬೆರಳಾಡಿಸಿ, ಬೆರಳನ್ನು ಮೂಸಿ, ನಾಲಿಗೆಗೆ ಹಚ್ಚಿದ. ಮುಖದ ಬಣ್ಣ ಬದಲಾಯಿತು.

"ಸಕ್ಕರಿ!"

ಅತ್ತೆ ಅಂಜಲಿಲ್ಲ. "ಮನಿಗೆ ಹೊಸದು ಬಂದ್ರ ಬಾಯಿಗೆ ಸಕ್ಕರಿ ಹಾಕಬೇಕು. ಬಾಯಿ ತೆರಕೊಂಡ ಕುಂತಿತ್ತು, ಹಾಕೀನಿ. ನೀ ಮಣ್ಣು ಬ್ಯಾಡ ಅಂದಿದ್ದಿ, ಸಕ್ಕರಿ ಬ್ಯಾಡ ಅಂದಿದ್ದಿಲ್ಲ."

ಮಿಸ್ತ್ರಿ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆ ಹಿಡಿದು ಒರೆಸುತ್ತ ಕೂತ. "ಸಕ್ಕರಿ ಹಾಕಿದ್ರ ಬಾಯಿ ಬಂದ್ ಆಗ್ತೈತ್ರಿ ಅಮ್ಮಾರ."

ಆಗ ಕಟ್ಟೆಯಿಂದ ಮಾವನ ದನಿ ಕೇಳಿತು. ಎಷ್ಟೋ ದಿನದ ಮೇಲೆ ಅವರು ತಾವಾಗಿ ಆಡಿದ ಮಾತು ಅದು.

"ಖರೇ ಅಲ್ಲ ತಮ್ಮಾ. ಸೊಸಿ ಬಂದ ದಿನಾ ಆಕಿ ಬಾಯಿಗೂ ಈಕೀನ ಸಕ್ಕರಿ ಹಾಕಿದ್ಲು. ಬಂದ್ ಆಗಲಿಲ್ಲ."

ಬದುವಿನ ಕಡೆ

ಮಾವ ಮಾತಾಡಿದರು, ಆದರೆ ಸೀಟು ಹತ್ತಲಿಲ್ಲ. ಮುಗಿಲು ಕಪ್ಪಾಗತೊಡಗಿತು. ಗೊಬ್ಬರ ಹೇರಿದ ಟ್ರಾಲಿ ನಿಂತೇ ಇತ್ತು. ಗಂಡ ಬೆಳಗಿನ ಪಾಳಿಗೆ ಹೋಗುವಾಗ, "ನಾಳೆ ಗಿರಾಕಿ ನೋಡಾಕ ಬರ್ತಾರ" ಎಂದು ಹೇಳಿ ಹೋದರು. ಮಾವ ತಲೆ ತಗ್ಗಿಸಿದರು.

ನಾನು ಸೊಂಟದ ಮೇಲಿದ್ದ ನನ್ನ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ, ಟ್ರ್ಯಾಕ್ಟರು ಹತ್ತಿ ಕೂತೆ.

"ಏ ಯವ್ವಾ, ಇಳಿ! ಏನ್ ಮಾಡ್ತಿ?"

"ಕಲೀತೀನ್ರಿ ಮಾವಾರ. ನೀವಂತೂ ಕೊಡ್ರಿ ಅಂದೀರಿ. ಕೊಡೋಕಿಂತ ಮೊದಲ ಗೇರು ಹೆಂಗ ಮುರಿತೈತಿ ನೋಡೂಣು."

ಚಾವಿಗೆ ಕೈ ಹಾಕಿದೆ ಅಷ್ಟೇ. ಮಾವ ಕಟ್ಟೆ ಇಳಿದು ಬಂದು, ಎಡಗೈಯಿಂದ ಹಿಡಿದು ಹತ್ತೇಬಿಟ್ಟರು. ನಾನು ಆ ಕಡೆಯಿಂದ ಇಳಿದು ಮಗುವನ್ನು ತಿರುಗಿ ತೆಗೆದುಕೊಂಡೆ. ಅತ್ತೆ ಪಕ್ಕಕ್ಕೆ ಹತ್ತಿ ನಿಂತು ಅವರ ತಲೆಗೆ ರುಮಾಲು ಸುತ್ತಿದರು. ಆಮೇಲೆ ರೊಟ್ಟಿಗಂಟು ಹಿಡಿದು ಟ್ರಾಲಿಯ ಗೊಬ್ಬರದ ಮೇಲೆ ಗೋಣಿಚೀಲ ಹಾಸಿಕೊಂಡು ಕೂತರು. ನಾನು ಮಗುವನ್ನೆತ್ತಿಕೊಂಡು ಹಿಂದೆ ನಡೆದೆ.

ಮಾವ ನಿಧಾನಕ್ಕೆ ಹೊಡೆದರು. ಹೊಲದ ನಡುವೆ ನಿಲ್ಲಿಸಿದರು. ನಾನು ಟ್ರಾಲಿಯ ಹಿಂದಿನ ಬಾಗಿಲು ಬಿಚ್ಚಿ ದೂರ ಸರಿದೆ. ಇನ್ನು ಅತ್ತೆ ಇಳಿಯಬೇಕು, ಮಾವ ಲಿವರು ಒತ್ತಬೇಕು. ಅತ್ತೆ ಇಳಿಯಲಿಲ್ಲ.

"ಇಲ್ಲಿ ಬ್ಯಾಡ್ರಿ. ಬದುವಿನ ಕಡೆ ಹಾಕ್ರಿ."

"ಗೊಬ್ಬರ ಹೊಲಕ್ಕೋ ಬದುವಿಗೋ?"

"ಅಲ್ಲಿ ಬೆಳಿ ಸೊರಗತೈತಿ. ಬದುವಿನ ಕಡೆ ಹಾಕ್ರಿ ಅಂದೆ."

"ಇಷ್ಟ ವರ್ಷ ಒಕ್ಕಲುತನ ಮಾಡಿದಾವ ನಾನೋ ನೀನೋ?" ಎಂದು ಮಾವ ಹಳೇ ಸಿಟ್ಟಿನಲ್ಲಿ ಹಿಂದಕ್ಕೆ ತಿರುಗಿ, ಹಳೇ ಜಾಗಕ್ಕೆ ಎಡಗೈಯಿಂದ ಬಡಿದರು. ಬಡಿದ ಕೈ ಅಲ್ಲೇ ಊರಿ ಬೈಯತೊಡಗಿದರು.

ಟ್ರಾಲಿ ಎದ್ದಿತು. ಅತ್ತೆ ಮೊದಲು ಸ್ವಲ್ಪ ವಾಲಿದರು. ಆಮೇಲೆ ಗೋಣಿಚೀಲದ ಸಮೇತ, ರೊಟ್ಟಿಗಂಟಿನ ಸಮೇತ, ಕೂತ ಭಂಗಿಯಲ್ಲೇ ಮೆಲ್ಲಗೆ ಜಾರಿ, ಗೊಬ್ಬರದ ಗುಡ್ಡೆಯ ಮೇಲೆ ಬಂದು ಕೂತರು. ಗಂಟು ಬಿಚ್ಚಿರಲಿಲ್ಲ. ತಲೆಯ ಮೇಲಿನ ಸೆರಗು ಕೂಡ ಸರಿದಿರಲಿಲ್ಲ.

ಮಾವ ಸ್ಟೇರಿಂಗಿನ ಮೇಲೆ ತಲೆಯಿಟ್ಟರು. ಎರಡೂ ಭುಜ ಅಲುಗುತ್ತಿದ್ದವು.

ನಾನು ಓಡಿ ಬಂದು ಕೂಗಿದೆ. "ಅತ್ತಿ, ಏನರ ಮಾತಾಡ್ರಿ! ಮಾವಾರು ಅಳಾಕತ್ತಾರ!"

ಅತ್ತೆ ಕಣ್ಣು ಕಿರಿದು ಮಾಡಿ ಗಂಡನನ್ನು ನೋಡಿದರು. ಆ ಭುಜ ಅಳುವಾಗ ಹೇಗೆ ಅಲುಗುತ್ತದೆ, ನಗುವಾಗ ಹೇಗೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗುಡ್ಡೆಯ ಮೇಲಿಂದ ಏಳದೆ, ದನಿ ಏರಿಸಿ ಹೇಳಿದರು:

"ಆತು ಬಿಡ್ರಿ, ಗೊಬ್ಬರ ಇಲ್ಲೇ ಇರ್ಲಿ. ನನ್ನನ್ನಷ್ಟ ಬದುವಿನ ಕಡೆ ಹಾಕ್ರಿ."