ತಿಮ್ಮಯ್ಯನ ವಾಚಿನ ಬೀಗರೂಟ

ಲಕ್ವ ಹೊಡೆದು ಎಡಗೈ ಬಿದ್ದುಹೋದ ಮೇಲೆ ತಿಮ್ಮಯ್ಯನಿಗೆ ಆರು ತಿಂಗಳಿಂದ ಗುತ್ತಲಿನ ಮನೆಯ ಗೇಟೇ ಗಡಿ. ಕಾಲು ಸರಿಹೋಗಿದ್ದರೂ ಮಗಳು ರೂಪ ಹೊರಗೆ ಬಿಡುತ್ತಿರಲಿಲ್ಲ. ಕೊನೆಗೆ ಅವಳೇ ಒಂದು ಸ್ಮಾರ್ಟ್ ವಾಚು ತಂದು ಅಪ್ಪನ ಬಲಗೈಗೆ ಕಟ್ಟಿದಳು.

"ಇದನ್ನ ಮುಟ್ಟೋಕೆ ಇನ್ನೊಂದು ಕೈ ಬ್ಯಾಡ ಕಣಪ್ಪ, ಅಂಗೆ ಸೆಟ್ಟಿಂಗ್ ಮಾಡಿವ್ನಿ. ಎರಡು ಸಲ ಮುಷ್ಟಿ ಹಿಡ್ದು ಬುಟ್ರೆ ಅವ್ವಂಗೆ ಫೋನು ಓಯ್ತದೆ. ಅವ್ವ ಎತ್ತದಿದ್ರೆ ನಂಗೆ ಬತ್ತದೆ. ಇವತ್ತು ಅರಳಿಕಟ್ಟೆ ಗಂಟ ಒಬ್ನೇ ಓಗ್ಬಾ. ಎಡವಟ್ಟು ಆಗ್ದಿದ್ರೆ ನಾಳಿಂದ ಎಲ್ಲಿಗಾದ್ರೂ ಓಗು."

ತಿಮ್ಮಯ್ಯ ಅರಳಿಕಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತೇ ಸೋಮನಹಳ್ಳಿಯಲ್ಲಿ ನೆಂಟ ಚಲುವರಾಜುವಿನ ಮಗನ ಮದುವೆಯ ಬೀಗರೂಟ. ಡಾಕ್ಟರು ಮಟನ್ ಬೇಡವೆಂದಿದ್ದರಿಂದ ಹೆಂಡತಿ ಸಣ್ಣತಾಯಮ್ಮ, "ನಮ್ಮನೇಲಿ ಯಾರೂ ಓಗದು ಬ್ಯಾಡ" ಎಂದು ಅಪ್ಪಣೆ ಕೊಡಿಸಿದ್ದಳು. ಅವಳು ಬೆಳಿಗ್ಗೆಯೇ ದೇವಸ್ಥಾನಕ್ಕೆಂದು ಹೊರಟಿದ್ದು ಒಳ್ಳೆಯದೇ ಆಯಿತು. ಬಸ್ಸು ನಿಂತು ನಿಂತು ಹೋಗುವಾಗ ಅವನಿಗೆ ಕೂತಲ್ಲಿ ಮುಳ್ಳು. "ಮುದ್ದೆ ಆರೋಯ್ತದೆ, ಬುಡಯ್ಯ ಗಾಡಿಯ!" ಎಂದು ಕಂಡಕ್ಟರಿಗೆ ಗದರಿದ.

ಎಲೆಗೆ ಮುದ್ದೆ ಬಿತ್ತು, ಸಾರು ಬಿತ್ತು. ತಿಮ್ಮಯ್ಯ ಮುದ್ದೆ ಮುರಿದು ಅಂಗೈಯಲ್ಲಿ ಹಿಸುಕಿದ, ಇನ್ನೊಮ್ಮೆ ಹಿಸುಕಿದ, ಸಾರಲ್ಲಿ ಅದ್ದಿ ನುಂಗಿದ. ಬೆನ್ನ ಹಿಂದೆ ಹೆಂಗಸರ ಸಾಲಿನಲ್ಲಿ ಯಾರದೋ ಫೋನು ಕೋಳಿಯಂತೆ ಕೂಗಿತು. ಸಣ್ಣತಾಯಮ್ಮನ ಫೋನಿನದೂ ಇದೇ ಕೂಗು. ಮೊಬೈಲ್ ಅಂಗಡಿಯ ಗಗನ ಅರ್ಧ ಜಿಲ್ಲೆಗೆ ಅದನ್ನೇ ಹಾಕಿಕೊಟ್ಟಿದ್ದಾನೆ ಎಂದುಕೊಂಡ.

ಎರಡನೆಯ ತುತ್ತು. ಕೋಳಿ ಕೂಗಿತು. ಮೂರನೆಯ ತುತ್ತಿಗೆ ಮತ್ತೆ ಕೂಗಿತು.

"ಯಾರದು? ಎಲೆ ಮೇಲಿರೋ ಕೋಳಿಗೆ ಇನ್ನೂ ಜೀವ ಓಗಿಲ್ವಾ?" ಎಂದು ಪಕ್ಕದ ಚಿಕ್ಕಬೋರಯ್ಯ ಸಿಡುಕಿದ.

"ಕೈಯೆಲ್ಲ ಮುದ್ದೆ ಕಣಣ್ಣ, ಎಂಗೆ ಎತ್ಲಿ?" ಎಂದಿತು ಹಿಂದಿನ ದನಿ.

ಆ ದನಿಯನ್ನು ತಿಮ್ಮಯ್ಯ ಮೂವತ್ತು ವರ್ಷದಿಂದ ಕೇಳಿದ್ದ. ತಿರುಗಿದ. ದೇವಸ್ಥಾನಕ್ಕೆ ಹೋದವಳ ಬಾಯಲ್ಲಿ ನಲ್ಲಿ ಮೂಳೆ!

ಮೊದಲು ಸಾವರಿಸಿಕೊಂಡವಳು ಅವಳೇ. "ನಾ ನಿಮ್ಮ ನೋಡ್ನಿಲ್ಲ, ನೀವು ನನ್ನ ನೋಡ್ನಿಲ್ಲ. ರೂಪಂಗೆ ಮಾತ್ರ ಉಸ್ರು ಬುಡ್ಬ್ಯಾಡಿ."

"ನಾನ್ಯಾಕೆ ಬುಡ್ಲಿ ಕಣಮ್ಮಿ?" ಎಂದು ತಿಮ್ಮಯ್ಯ ಹಾಯಾಗಿ ಉಸಿರುಬಿಟ್ಟ. ನಾಳಿನ ಸ್ವಾತಂತ್ರ್ಯ ಉಳಿಯಿತು.

ಆಗ ಕೈಯ ವಾಚೇ ಮಾತಾಡಿತು. "ಅಪ್ಪ, ಅವ್ವ ಎತ್ನಿಲ್ಲ ಅಂತ ಫೋನು ನಂಗೆ ಬಂದು ಆಗ್ಲೇ ಒಂದು ನಿಮಿಷ ಆಯ್ತು. ಎಲ್ಲಾ ಕೇಳುಸ್ತು. ಇಬ್ರೂ ಕೈ ತೊಳ್ಕಂಡು ಅಲ್ಲೇ ಕುಂತಿರಿ, ಬತ್ತಾವ್ನಿ. ನಾಳಿಂದ ಇಬ್ರೂ ಗೇಟು ದಾಟಂಗಿಲ್ಲ." ಹಾಗೆಂದು ರೂಪ ಫೋನು ಇಟ್ಟುಬಿಟ್ಟಳು.

ಹೊಟ್ಟೆಯುರಿಗೆ ತಿಮ್ಮಯ್ಯನ ಮುಷ್ಟಿ ತಾನಾಗಿ ಬಿಗಿಯಿತು, ಸಡಿಲಾಯಿತು, ಮತ್ತೆ ಬಿಗಿಯಿತು. ಹಿಂದಿನ ಸಾಲಿನಲ್ಲಿ ಕೋಳಿ ಕೂಗಿತು.