ಬುಲ್ಲಿಗೊಂದು ಶೇಂಗಾ ಉಂಡಿ

ಕಾದಂಬರಿಗಳನ್ನು ಓದದೆಯೇ ವಿಮರ್ಶೆ ಮಾಡುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸುವವರು ಇಡೀ ಹೈದರಾಬಾದಿನಲ್ಲಿ ಯಾರೂ ಇಲ್ಲ. ಓದದೆ ವಿಮರ್ಶಿಸುವವರು ಬೇರೆಯವರೂ ಇದ್ದಾರು, ಆದರೆ ಅವರು ಓದಿದ್ದೇವೆಂದು ಹೇಳಿಕೊಳ್ಳುತ್ತಾರೆ! ಅತ್ತೆಗೆ ಆ ಅಭ್ಯಾಸವಿಲ್ಲ. "ನಾ ಓದಿಲ್ರಿ. ಆದ್ರ ಬರದಾಕಿ ತಪ್ಪು ಬರದಾಳ" ಎಂದು ಧೈರ್ಯವಾಗಿ ಹೇಳುತ್ತಾರೆ. ಬರೆದವಳು ಇದೇನೂ ತಿಳಿಯದೆ ಯಾವುದೋ ದೇಶದಲ್ಲಿ ಹಾಯಾಗಿ ಇನ್ನೊಂದು ಕಾದಂಬರಿ ಬರೆಯುತ್ತಿರುತ್ತಾಳೆ, ಪಾಪ.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮೂಲ ಕಲಬುರಗಿ ಕಡೆ. ಮಾವನವರಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಹೈದರಾಬಾದಿನ ಕುಷಾಯಿಗೂಡಕ್ಕೆ ಬಂದವರು ಅವರ ನಿವೃತ್ತಿಯ ನಂತರವೂ ಇಲ್ಲೇ ಉಳಿದರು. ನಮ್ಮ ಮನೆ ಅವರ ಮನೆಯ ಹಿಂದಿನ ಗಲ್ಲಿಯಲ್ಲಿ. ಅತ್ತೆಗೆ ನಾಲ್ಕು ಭಾಷೆ ಬರುತ್ತವೆ, ಸಾಮಾನ್ಯವಾಗಿ ಒಂದೇ ವಾಕ್ಯದಲ್ಲಿ! ಭಾಷೆ ಯಾವುದಾದರೂ ಸರಿ, ಕೊನೆಗೊಂದು 'ರಿ' ಹಚ್ಚದೆ ಬಿಡುವುದಿಲ್ಲ. ಬೇಗಂ ಬಜಾರಿನಲ್ಲಿ ಹುಣಸೆಹಣ್ಣಿನ ವ್ಯಾಪಾರಿಗೆ "ಭಯ್ಯಾರಿ, ಜರಾ ಕಮ್ ಕರೋರಿ" ಎಂದು ಬೆಲೆ ಇಳಿಸಲು ಕೇಳುತ್ತಾರೆ. ಒಮ್ಮೆ ನಮ್ಮ ಮೆಟ್ಟಿಲ ಮೇಲೆ ಅಡ್ಡ ಮಲಗಿದ್ದ ಬೀದಿನಾಯಿಗೆ "ಸ್ವಲ್ಪ ಸರೀರಿ" ಎಂದರು. ಅದು ಎದ್ದು ಸರಿದುಕೊಂಡಿತು! ಅದಕ್ಕಾದರೂ ಅಷ್ಟು ಮರ್ಯಾದೆ ಬೇರೆ ಯಾರು ಕೊಟ್ಟಿದ್ದರು?

ನನ್ನ ಮಗಳು ಈ ವಿದ್ಯೆಯನ್ನು ಅತ್ತೆಯ ತೊಡೆಯ ಮೇಲೆ ಕೂತು ಕಲಿತವಳು. ಅವಳನ್ನು ಯಾರು ಏನು ಕೇಳಿದರೂ ಮೊದಲು ಹೊರಡುವುದು "ಹಾಂರಿ". ಊಟ ಆಯ್ತಾ? ಹಾಂರಿ. ಹೋಂವರ್ಕ್ ಮುಗೀತಾ? ಮುಗಿಯದಿದ್ದರೂ ಹಾಂರಿ!

ಈಗ ಅವಳು ಎಂಟನೇ ಕ್ಲಾಸು. ಹದಿಹರೆಯದವರಿಗೆಂದೇ ಬರೆದ ಇಂಗ್ಲಿಷ್ ಕಾದಂಬರಿಗಳ ಹುಚ್ಚು ಹಿಡಿದಿದೆ. ಈಗಿನ ಆ ಪುಸ್ತಕಗಳಿಗೆ ಒಂದು ಕಟ್ಟುಪಾಡಿದ್ದಂತೆ ಕಾಣುತ್ತದೆ. ಒಂದು ಶಾಲೆ, ಅಲ್ಲೊಬ್ಬ ಒಂಟಿ ಹುಡುಗಿ, ಅವಳನ್ನು ಹಂಗಿಸಿ ಅಳಿಸುವುದಕ್ಕೆಂದೇ ಇನ್ನೊಬ್ಬಳು. ಹಾಗೆ ಕಾಡುವವಳನ್ನು ಇಂಗ್ಲಿಷಿನಲ್ಲಿ ಬುಲ್ಲಿ ಎನ್ನುತ್ತಾರೆ. ಸಂಜೆಯಾದರೆ ಅತ್ತೆ ನಮ್ಮ ಮನೆಗೆ ಬಂದು ತೊಗರಿಕಾಯಿ ಸುಲಿಯುತ್ತ ಕೂರುತ್ತಾರೆ, ಮಗಳು ಓದಿದ ಕಥೆಯನ್ನು ಕನ್ನಡದಲ್ಲಿ ಹೇಳುತ್ತಾಳೆ, ವಿಮರ್ಶೆ ಶುರುವಾಗುತ್ತದೆ.

"ಮುನ್ನೂರು ಪುಟದಾಗ ಆ ಹುಡುಗಿ ಒಮ್ಮೆರ ಬಿಸಿ ಊಟ ಮಾಡ್ಯಾಳೇನು? ಬರೇ ಬ್ರೆಡ್ಡು! ಅಳಬ್ಯಾಡ ಅಂದ್ರ ಹೆಂಗ?"

"ಅಜ್ಜಿ, ಅದು ಮುಖ್ಯ ಅಲ್ಲ. ಆ ಬುಲ್ಲಿ ಅಕಿನ್ನ ಮೆಟ್ಲದಿಂದ ನೂಕ್ತಾಳ."

"ಸಣ್ಣ ಕೂಸು, ಆಡ್ಕೋತ ಕೈ ತಾಗಿರಬೇಕು ಬಿಡು."

ಪ್ರತಿ ಕಥೆಯಲ್ಲೂ ಅತ್ತೆ ಬುಲ್ಲಿಯ ಪಕ್ಷ! ಕೊನೆಯಲ್ಲಿ ಅವಳನ್ನು ಶಾಲೆಯಿಂದ ಹೊರಗೆ ಹಾಕಿದರಂತೂ ಇವರ ಕಣ್ಣು ಕೆಂಪಾಗುತ್ತಿತ್ತು. "ಎಲ್ಲಾರೂ ಕೂಡಿ ಆ ಬುಲ್ಲಿ ಒಂದರ ಮ್ಯಾಲ ಬೀಳ್ತಾರಲ್ಲ, ನಾಚಿಕಿ ಇಲ್ಲ? ಈ ಕಥ್ಯಾಗ ಒಬ್ಬಾಕಿ ಸೋದರತ್ತಿ ಇದ್ದಿದ್ರ ಇಪ್ಪತ್ತನೇ ಪುಟಕ್ಕ ಎಲ್ಲಾ ಸರಿ ಮಾಡ್ತಿದ್ಲು." ಇದು ಅವರ ಎಂದಿನ ಮೊಂಡುವಾದ ಎಂದು ನಾವು ನಗುತ್ತಿದ್ದೆವು. ನಮಗೆ ಹೊಳೆಯಲೇ ಇಲ್ಲ. ತೆಲುಗಿನಲ್ಲಿ ಬುಲ್ಲಿ ಎಂದರೆ ಪುಟ್ಟದು, ಮುದ್ದಾದ ಚಿಕ್ಕದು! ಅರ್ಧ ಆಯುಷ್ಯ ತೆಲುಗಿನವರ ನಡುವೆ ಕಳೆದ ಅತ್ತೆ ಆ ಎಲ್ಲ ಕಾದಂಬರಿಗಳಲ್ಲೂ ಒಂದು ಪುಟ್ಟ ಕೂಸನ್ನು ಕಂಡು ಮರುಗುತ್ತಿದ್ದರು.

ಅಷ್ಟರಲ್ಲಿ ನಮ್ಮ ಮನೆಯಲ್ಲೇ ಒಂದು ಕಥೆ ನಡೆಯುತ್ತಿತ್ತು. ನನಗೆ ತಿಳಿದದ್ದು ಆಮೇಲೆ, ನಿಮಗೆ ಈಗಲೇ ಹೇಳಿಬಿಡುತ್ತೇನೆ. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ ಮಗಳು 'ಯೆಸ್ ಮಿಸ್' ಎನ್ನುವ ಬದಲು ಬಾಯಿತಪ್ಪಿ "ಹಾಂರಿ" ಎಂದುಬಿಟ್ಟಿದ್ದಾಳೆ. ಅಂದಿನಿಂದ ಅವಳ ಹೆಸರೇ ಹಾಂರಿ! ಸ್ಕೂಲ್ ಬಸ್ಸಿನಲ್ಲಿ ಒಬ್ಬ ಎತ್ತರದ ಹುಡುಗಿ ಹಿಂದಿನ ಸೀಟಿನಿಂದ, ಸ್ಟಾರ್ಟ್ ಆಗದ ಸ್ಕೂಟರಿನ ಹಾಗೆ, "ಹಾಂರಿ ರಿ ರಿ ರಿ" ಎಂದು ಎಳೆಯುವುದು, ಉಳಿದವರು ದನಿಗೂಡಿಸುವುದು. ಮಗಳ ಪಕ್ಕ ಯಾರೂ ಕೂರದಂತಾಯಿತು. ಮನೆಯಲ್ಲೂ ಹಾಂರಿ ಹೋಗಿ ಬರೀ ಹ್ಞೂಂ ಬಂತು. ಬೆಳಿಗ್ಗೆ ಬಸ್ಸಿನ ಹೊತ್ತಿಗೆ ಸರಿಯಾಗಿ ಹೊಟ್ಟೆನೋವೂ ಬರತೊಡಗಿತು. ನಾನು ಓಂಕಾಳು ಕೊಟ್ಟೆ, ಇನ್ನೇನು ಮಾಡಲಿ?

ಮಗಳು ಹೇಳಿಕೊಂಡದ್ದು ಅತ್ತೆಗೆ ಮಾತ್ರ. "ಅಜ್ಜಿ, ನಮ್ಮ ಬಸ್ಸಿನಾಗೂ ಒಬ್ಬಾಕಿ ಬುಲ್ಲಿ ಅದಾಳ."

ಅತ್ತೆಗೆ ಸಂತೋಷವೋ ಸಂತೋಷ! ಅಂದಿನಿಂದ ದಿನಾ ಸಂಜೆ ಅದೇ ವಿಚಾರಣೆ. "ಇವತ್ತು ನಿಮ್ಮ ಬುಲ್ಲಿ ಏನಂತು?"

"ಭಾಳ ಕಾಡಿದ್ಲು."

"ಕಾಡ್ತಾವ, ಹೊಟ್ಟಿ ಹಸ್ತಿರತೈತಿ. ನಾ ಒಮ್ಮೆ ಬರ್ತೀನಿ ತಡಿ."

ಬರುತ್ತೇನೆ ಎಂದರೆ ಅತ್ತೆ ಬಂದೇ ಬರುತ್ತಾರೆ. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಸೀರೆಯುಟ್ಟು, ಸ್ಟೀಲ್ ಡಬ್ಬಿಯ ತುಂಬ ಶೇಂಗಾ ಉಂಡಿ ಹಿಡಿದು ಬಸ್ ಸ್ಟಾಪಿನಲ್ಲಿ ಹಾಜರ್! "ಅಜ್ಜಿ, ಬ್ಯಾಡ" ಎಂದು ಮಗಳು ಅವರ ಸೆರಗು ಜಗ್ಗಿದಳು. ಇವಳಿಗೆ ಸಂಕೋಚವೆಂದು ನಾನೂ ಅತ್ತೆಯೂ ನಕ್ಕೆವು. ಬಸ್ಸು ಬಂದು ನಿಂತಿತು. ಅತ್ತೆ ಫುಟ್‌ಬೋರ್ಡ್ ಹತ್ತಿ, ಇಡೀ ಗಲ್ಲಿಗೆ ಕೇಳುವಂತೆ ತೆಲುಗಿನಲ್ಲಿ ಕೂಗಿದರು: "ಬುಲ್ಲಿ ಎಕ್ಕಡಮ್ಮಾ? ಮಾ ಬುಲ್ಲಿ ಎಕ್ಕಡ?"

ನಮ್ಮ ಬುಲ್ಲಿ ಎಲ್ಲಿ ಎಂದು ಇಷ್ಟು ಬಹಿರಂಗವಾಗಿ ಕೇಳಿದವರು ಆ ಬಸ್ಸಿನ ಚರಿತ್ರೆಯಲ್ಲೇ ಇರಲಿಲ್ಲ! ಆದರೆ ಮಕ್ಕಳು ಪ್ರಾಮಾಣಿಕರು. ತೆಲುಗಿನವರು ತಾನೇ ಅವರೂ, ಆದರೂ ಯಾರನ್ನು ಕೇಳುತ್ತಿದ್ದಾರೆಂದು ಒಬ್ಬರಿಗೂ ಅನುಮಾನ ಬರಲಿಲ್ಲ. ಎಲ್ಲರ ಬೆರಳೂ ಒಟ್ಟಿಗೆ ಹಿಂದಿನ ಸೀಟಿನ ಕಡೆ ತಿರುಗಿದವು. ಆ ಎತ್ತರದ ಹುಡುಗಿ ಕೆಂಪಾಗಿ ಎದ್ದು ನಿಂತಳು.

ಅತ್ತೆ ಒಳಗೆ ಹೋಗಿ ಅವಳನ್ನು ತಲೆಯೆತ್ತಿ ನೋಡಿದರು. "ಅಯ್ಯ, ಇಷ್ಟು ದೊಡ್ಡ ಬುಲ್ಲಿ!" ಎಂದು ಅವಳ ಗಲ್ಲ ಹಿಂಡಿದರು. ಅಂಗೈಗೆ ಎರಡು ಉಂಡಿ ಇಟ್ಟರು. "ಖಾವೋರಿ ಬೇಟಾ. ಹಮಾರೀ ಬಚ್ಚೀ ಕೇ ಸಾಥ್ ಬೈಠತೇರಿ?" ತಿನ್ನು, ನಮ್ಮ ಕೂಸಿನ ಜೊತೆ ಕೂರುತ್ತೀಯಾ ಎಂದು ಅತ್ತೆಯ ಹಿಂದಿ.

ಪಾಪ, ಆ ಹುಡುಗಿಯ ನಾಲಿಗೆಗೆ ತಿಂಗಳುಗಟ್ಟಲೆಯ ಸಾಧನೆ. ಬೇರೆ ಮಾತು ಬಾಯಿಗೆ ಬರಲೇ ಇಲ್ಲ.

"ಹಾಂರಿ" ಎಂದಳು.

ಬಸ್ಸು ಹೊರಟು ತಿರುವು ದಾಟಿದ ಮೇಲೂ ಮಕ್ಕಳ ನಗು ಕೇಳಿಸುತ್ತಿತ್ತು. ಕೊನೆಗೆ ಆ ಹುಡುಗಿಯೂ ನಕ್ಕಳಂತೆ. ಮಾತು ಕೊಟ್ಟಾಗಿತ್ತಲ್ಲ, ಬಂದು ಮಗಳ ಪಕ್ಕ ಕೂತಳಂತೆ. ಸ್ನೇಹ ಬೆಳೆಯಿತೆಂದು ನಾನು ಹೇಳುವುದಿಲ್ಲ, ಕಾದಂಬರಿ ಅಲ್ಲವಲ್ಲ ಇದು. ಸ್ಕೂಟರಿನ ಸದ್ದು ಮಾತ್ರ ಅಂದಿಗೆ ನಿಂತಿತು.

ಸಂಜೆ ಮಗಳು ಇದೆಲ್ಲವನ್ನೂ, ಹಾಜರಿಯಿಂದ ಹೊಟ್ಟೆನೋವಿನವರೆಗೆ, ಮೊದಲ ಬಾರಿಗೆ ನನ್ನೆದುರು ಹೇಳಿದಳು. ಆಗ ನನಗೆ ಎರಡು ಭಾಷೆಗಳ ಗೋಜಲು ಬಿಡಿಸಿಕೊಂಡಿತು. "ಅತ್ತಿ, ಬುಲ್ಲಿ ಅಂದ್ರ ಇಂಗ್ಲಿಷಿನಾಗ ಸಣ್ಣ ಕೂಸು ಅಲ್ರಿ. ಕಾಡಸಾಕಿ, ಅಳಸಾಕಿ" ಎಂದೆ, ನಗುತ್ತ.

ಅತ್ತೆ ನಗಲಿಲ್ಲ. ಸುಲಿಯುತ್ತಿದ್ದ ತೊಗರಿಕಾಯಿಯನ್ನು ಕೆಳಗಿಟ್ಟರು. ಅಷ್ಟು ಕಾದಂಬರಿಗಳನ್ನು ಎದೆ ತಟ್ಟಿ ತಿರಸ್ಕರಿಸಿದವರ ಮುಖ ಕ್ಷಣದಲ್ಲಿ ಬಾಡಿತು.

"ಅಂದ್ರ ಇಷ್ಟು ದಿನ ಕೂಸು ತನ್ನ ಸಂಕಟ ಹೇಳಾಕತ್ತಿತ್ತು. ನಾ ಮುದುಕಿ ನಕ್ಕೋತ ಕುಂತಿದ್ದೆ." ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತೆ ಅತ್ತದ್ದನ್ನು ನಾನು ಮಾವ ಹೋದಾಗ ಕಂಡದ್ದು, ಆಮೇಲೆ ಇದೇ.

ಮಗಳು ಹೋಗಿ ಅವರ ತೊಡೆಗೆ ಒರಗಿದಳು. "ಹಂಗಲ್ಲಜ್ಜಿ. ದಿನಾ ಸಂಜಿಗೆ ಅಜ್ಜಿ ಕೇಳ್ತಾರ, ಅವರಿಗೆ ಹೇಳ್ಬೇಕು ಅನ್ಕೊಂಡ ನಾ ಬಸ್ಸಿನಾಗ ಕೂಡ್ತಿದ್ದೆ. ಇಲ್ಲಂದ್ರ ಸಾಲಿಗೇ ಹೋಗ್ತಿರಲಿಲ್ಲ."

ಅತ್ತೆ ಅವಳ ತಲೆ ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು.

"ನಾಳಿಗೂ ಕೇಳ್ಲೇನು?"

"ಹಾಂರಿ" ಎಂದಳು ಮಗಳು.