ಹನ್ನೊಂದು ಸಾಲಿನ ಹೆದರಿಕೆ

ಬೆಳಿಗ್ಗೆ ನಲ್ಲಿ ನೀರು ಹಿಡಿದೆ, ಹೆಸರುಕಾಳು ನೆನೆಹಾಕಿದೆ, ಎರಡು ಹೊದಿಕೆ ಒಗೆದೆ, ಮೆಣಸಿನಕಾಯಿ ಬಿಸಿಲಿಗೆ ಹರವಿದೆ, ನಾದಿನಿಗೆ ನಾಲ್ಕು ಸಲ ಧೈರ್ಯ ಹೇಳಿದೆ. ಹೆಚ್ಚು ಹೊತ್ತು ಹಿಡಿದದ್ದು ಕೊನೆಯದಕ್ಕೇ.

ಅವಳಷ್ಟು ಹೆದರುವವರು ಹೊನ್ನಾಳಿಯಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ಇಬ್ಬರನ್ನೂ ಒಟ್ಟಿಗೆ ಕೂರಿಸಿ ನಾನು ನಾಲ್ಕು ದಿನ ತವರಿಗೆ ಹೋಗಿಬರುತ್ತೇನೆ. ನ್ಯಾಮತಿಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಒಮ್ಮೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಬಸ್ಸಿಳಿದು ವಾಪಸ್ ಬಂದಳು. ಆ ಒಲೆಯ ಮೇಲೆ ನಾನು ರೊಟ್ಟಿ ಬೇಯಿಸುತ್ತಿದ್ದೆ. ಈಗ ಕಂಡಕ್ಟರ್ ಸೀಟಿ ಊದುವ ಮೊದಲು ಕೇಳುತ್ತಾನಂತೆ: "ಮೇಡಮ್ಮೋರೆ, ಗ್ಯಾಸ್ ಆಫ್ ಐತೇನ್ರಿ? ಬಿಡ್ಲಾ?"

ಇಂಥವಳು ಕಂಡರಿಯದ ದೇಶದವರ ಕೆಲಸಕ್ಕೆ ಕೈ ಹಾಕಿದಳು. ಪ್ರೋಗ್ರಾಮಿನ ತುಂಡುಗಳನ್ನು ಕ್ರಮವಾಗಿ ತಾನೇ ಜೋಡಿಸಿಕೊಡುವ ಒಂದು ಸಾಫ್ಟ್‌ವೇರ್ ಇದೆಯಂತೆ. ಅನ್ನವಾದ ಮೇಲೆ ಒಗ್ಗರಣೆ, ಒಗ್ಗರಣೆಯಾದ ಮೇಲೆ ಚಿತ್ರಾನ್ನ ಎಂದು ನೆನಪಿಟ್ಟುಕೊಳ್ಳುವ ಅಡಿಗೆಯವನ ಹಾಗೆ. ಅದು ಯಾರ ಆಸ್ತಿಯೂ ಅಲ್ಲ, ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಕೆಲಸಕ್ಕೆ ಮೊದಲು ತಾನು ಹಿಂದೆ ಮಾಡಿಟ್ಟ, ಈಗ ಬೇಡವಾದ ಕಡತಗಳ ಕಸವನ್ನು ಅದೇ ಗುಡಿಸಬೇಕು. ಫೋಲ್ಡರಿಗೆ ಕನ್ನಡದ ಹೆಸರಿದ್ದರೆ ಮಾತ್ರ ಅರ್ಧಕ್ಕೆ ನಿಲ್ಲುತ್ತಿತ್ತು. ಇವಳು ಹನ್ನೊಂದು ಸಾಲು ಬರೆದು ಸರಿಮಾಡಿದಳು. ಕಳಿಸದೆ ಆರು ವಾರ ಕೂತಳು.

"ಗುಡ್ಸೋದು ಜಾಸ್ತಿಯಾಗಿ ಯಾರದಾದ್ರೂ ಕೆಲಸಾನೇ ಅಳಿಸಿ ಹೋದ್ರೆ ಹೆಂಗೆ, ಅತ್ತಿಗೆ?"

"ತಪ್ಪಿದ್ರೆ ನೋಡೋರು ಅಲ್ಲಿ ಇರ್ತಾರಲ್ಲೇ?"

"ಅವರೂ ನಿಮ್ಮಂಗೆ ಸಮಾಧಾನದವರಾಗಿದ್ರೆ?"

ಸುಳ್ಳುಸುಳ್ಳೇ ಕಡತ ಮಾಡಿ ನೂರು ಸಲ ಗುಡಿಸಿ ನೋಡಿದ್ದಳು. ಅದು ಸಾಲದಂತೆ. "ಹೋದ್ರೆ ನೋವಾಗೋ ಅಂಥದ್ದರ ಮೇಲೆ ನೋಡ್ಬೇಕು."

"ಹಂಗಾದ್ರೆ ನನ್ನ 'ಅತ್ತೆ' ಫೋಲ್ಡರ್ ಐತಲ್ಲ, ಅದ್ರಾಗೆ ನಿನ್ನ ಕಸ ಹಾಕಿ ಗುಡಿಸು. ಕಸ ಹೋಗಿ ನನ್ನ ಬರಹ ಉಳಿದ್ರೆ ಕಳಿಸಾಕೆ ಏನಡ್ಡಿ?"

ಅವಳು ಕುರ್ಚಿ ಹಿಂದಕ್ಕೆ ಸರಿಸಿದಳು. ಅವಳ ಅಮ್ಮ ತೀರಿಕೊಳ್ಳುವ ಮೊದಲು ಹಾಸಿಗೆ ಹಿಡಿದ ಒಂದು ವರ್ಷ, ದಿನದಿನದ ಜ್ವರ, ಗುಳಿಗೆ, ಊಟ ಎಲ್ಲ ನಾನು ಬರೆದಿಟ್ಟದ್ದು ಅದರಲ್ಲಿತ್ತು. ಇವಳು ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

ಮೂರು ಪೆನ್‌ಡ್ರೈವಿಗೆ ನಕಲು ಮಾಡಿದಳು. ಒಂದು ಅಕ್ಕಿ ಡಬ್ಬಿಗೆ, ಒಂದು ದೇವರ ಗೂಡಿಗೆ, ಇನ್ನೊಂದು ಚನ್ನಗಿರಿಗೆ ಹೊರಟ ಅಣ್ಣನ, ಅಂದರೆ ನನ್ನ ಯಜಮಾನರ, ಜೇಬಿಗೆ. "ಬೆಂಕಿ ಬಿದ್ರೆ ಒಂದಾದ್ರೂ ಬೇರೆ ಊರಾಗಿರ್ಲಿ."

ಆಮೇಲೆ ಕಣ್ಣು ಮುಚ್ಚಿ ಗುಂಡಿ ಒತ್ತಿದಳು. ಕಸ ಹೋಗಿತ್ತು. ನನ್ನ ಬರಹ ಒಂದೂ ಹೋಗಿರಲಿಲ್ಲ. ಅಷ್ಟಕ್ಕೂ ನಂಬಿಕೆ ಬಾರದೆ ಒಂದೊಂದನ್ನೇ ತೆರೆದು ಓದತೊಡಗಿದಳು. ಓದುತ್ತಾ ಒಂದು ದಿನದ ಬರಹಕ್ಕೆ ಬಂದು ತಡೆದಳು. ನಾನು ಹೋಗಿ ನೋಡಿದೆ, ನಾನೇ ಬರೆದದ್ದು:

"ಅತ್ತೆ ಎರಡು ತುತ್ತು ಹೆಚ್ಚು ಉಂಡರು. ಇವಳು ಇವತ್ತೂ ಒಳಗೆ ಬರಲಿಲ್ಲ. ಬಾಗಿಲ ಹೊರಗೆ ನಿಂತು ಅಮ್ಮನ ಉಸಿರು ಎಣಿಸುತ್ತಿದ್ದಳು. ಅತ್ತೆಗೆ ಅದು ಗೊತ್ತು. ಬಾಗಿಲು ಮುಚ್ಚಬೇಡ ಅಂದರು."

ಹೆತ್ತವಳ ಕೋಣೆಗೆ ಕಾಲಿಡದ ಮಗಳು ಎಂದು ಊರೆಲ್ಲ ಆಡಿಕೊಂಡ ವರ್ಷ ಅದು.

ಆ ಕಡತ ಮುಚ್ಚಿ ಕೇಳಿದಳು: "ಕಳಿಸ್ಲಾ, ಅತ್ತಿಗೆ?"

"ಕಳಿಸು."

ಕಳಿಸಿಯೇಬಿಟ್ಟಳು.

ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಅವಳು ಮೂರು ರೊಟ್ಟಿ ತಿಂದಳು. ಮೊದಲು ನಿದ್ದೆ ಹೋದವಳೂ ಅವಳೇ. ಆ ದೇಶದವರು ಏನನ್ನುತ್ತಾರೋ ಎಂದು ಹೆದರಿ ಎದ್ದು ಕೂತವಳು ನಾನು.